ಎರಡು ನಿಮಿಷದ ಸುತ್ತಿಗೆ ಒಂದು ಬೇಸಿಗೆ

ಹಾರ್ಸ್ ಶೋ ಎಂದರೆ ರೇಸಲ್ಲ. ಇಲ್ಲಿ ಬಾಜಿ ಕಟ್ಟುವವರಿಲ್ಲ, ಜಾಕಿಗಳೂ ಇಲ್ಲ. ಬೇಲಿ ಹಾಕಿದ ಕಣದೊಳಗೆ ಸವಾರರು ಒಬ್ಬೊಬ್ಬರಾಗಿ ಇಲ್ಲವೇ ಗುಂಪಾಗಿ ಬಂದು ಕುದುರೆಯ ನಡೆ, ಓಟ, ಜಿಗಿತಗಳನ್ನು ತೋರಿಸುತ್ತಾರೆ. ತೀರ್ಪುಗಾರರು ಅಂಕ ಕೊಡುತ್ತಾರೆ. ಅಮೆರಿಕದಲ್ಲಿ ಇದು ವರ್ಷವಿಡೀ ನಡೆಯುವ ಕ್ರೀಡೆಯೇ ಆದರೂ ಶಾಲೆಗೆ ಹೋಗುವ ಸವಾರರಿಗೆ ಇದರ ನಿಜವಾದ ಕಾಲ ಬೇಸಿಗೆ ರಜೆ. ಪೆನ್ಸಿಲ್ವೇನಿಯಾದ ಡೆವನ್‌ನಲ್ಲಿ 1896ರಿಂದ ನಡೆದುಬಂದಿರುವ ಶೋ ಮೇ ಕೊನೆಯಲ್ಲಿ ಕಿರಿಯರ ವಿಭಾಗಗಳಿಂದಲೇ ಶುರುವಾಗುತ್ತದೆ. ಜೂನ್ ಬಂದರೆ ವರ್ಜೀನಿಯಾದ ಅಪ್ಪರ್‌ವಿಲ್; ಅದು 1853ರದು, ದೇಶದಲ್ಲೇ ಅತ್ಯಂತ ಹಳೆಯದು. ಆಗಸ್ಟ್‌ನಲ್ಲಿ ಪೋನಿ ಫೈನಲ್ಸ್. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿರುವ ಹಾರ್ಸ್ ಪಾರ್ಕ್ ಹಲವು ವರ್ಷ ಅದರ ತಾಣ. ಇವುಗಳ ನಡುವೆ ಊರೂರಿನ ಸಣ್ಣ ಶೋಗಳು, ಕೌಂಟಿ ಜಾತ್ರೆಗಳು. ಭಾರತದಲ್ಲಿ ಲೆಕ್ಕ ತಿರುವುಮುರುವು. ಇಲ್ಲಿಯ ಬಿಸಿಲಿಗೆ ಹೆದರಿ ಸ್ಪರ್ಧೆಗಳು ಹೆಚ್ಚಾಗಿ ಚಳಿಗಾಲಕ್ಕೆ ಸರಿದಿರುವುದರಿಂದ, ಬೆಂಗಳೂರಿನಲ್ಲಿ ಸವಾರಿ ಕಲಿಯುವ ಮಕ್ಕಳಿಗೆ ಶಾಲೆಯ ಪಾಠವೂ ಶೋಗಳೂ ಒಟ್ಟಿಗೇ ಮೇಲೆ ಬೀಳುತ್ತವೆ.

ಯಾರು ಕಿರಿಯರು ಎಂಬುದಕ್ಕೆ ಯುನೈಟೆಡ್ ಸ್ಟೇಟ್ಸ್ ಇಕ್ವೆಸ್ಟ್ರಿಯನ್ ಫೆಡರೇಷನ್ ಕಟ್ಟುನಿಟ್ಟಾದ ಗೆರೆ ಎಳೆದಿದೆ. ಅದರ ಸ್ಪರ್ಧಾ ವರ್ಷ ಡಿಸೆಂಬರ್ 1ಕ್ಕೆ ಶುರು. ಆ ದಿನಕ್ಕೆ 18 ತುಂಬಿರದವರು ಇಡೀ ವರ್ಷ ಜೂನಿಯರ್. ನವೆಂಬರ್ ಕೊನೆಯಲ್ಲಿ ಹುಟ್ಟಿದ ಹುಡುಗಿಗಿಂತ ಡಿಸೆಂಬರ್ ಮೊದಲ ವಾರ ಹುಟ್ಟಿದವಳಿಗೆ ಹೀಗೆ ಒಂದು ಬೇಸಿಗೆ ಹೆಚ್ಚಿಗೆ ದಕ್ಕುತ್ತದೆ. ಹುಡುಗಿ ಎಂದು ಹೇಳಲು ಕಾರಣವಿದೆ: ಕಿರಿಯರ ವಿಭಾಗಗಳಲ್ಲಿ ಹುಡುಗಿಯರೇ ಹೆಚ್ಚು. ಕುದುರೆಗೂ ಅಳತೆಯಿದೆ. ಹೆಗಲ ಎತ್ತರವನ್ನು ನಾಲ್ಕು ಇಂಚಿನ ‘ಹ್ಯಾಂಡ್’ ಲೆಕ್ಕದಲ್ಲಿ ಅಳೆಯುತ್ತಾರೆ. 14 ಹ್ಯಾಂಡ್ 2 ಇಂಚಿನವರೆಗಿನದು ಪೋನಿ, ಅದಕ್ಕಿಂತ ಎತ್ತರದ್ದು ಕುದುರೆ. ಪೋನಿಗಳಲ್ಲೂ ಸಣ್ಣದು, ಮಧ್ಯಮ, ದೊಡ್ಡದು ಎಂದು ಮೂರು ಗುಂಪು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಸವಾರರ ಕಾಲು ಪೋನಿಯ ಹೊಟ್ಟೆಯಿಂದ ಕೆಳಗಿಳಿಯತೊಡಗುತ್ತದೆ. ಎಷ್ಟೇ ಅಕ್ಕರೆಯ ಪೋನಿಯಾದರೂ ಆಗ ಕಿರಿಯ ಸವಾರರಿಗೆ ಬಿಟ್ಟುಕೊಡಬೇಕು.

ಜಿಗಿತದ ಶೋಗಳಲ್ಲಿ ಮೂರು ಬಗೆಯ ಸ್ಪರ್ಧೆಗಳು ಅಕ್ಕಪಕ್ಕದ ಕಣಗಳಲ್ಲೇ ನಡೆಯುತ್ತವೆ. ಜಂಪರ್ ವಿಭಾಗದಲ್ಲಿ ಅಂದಚೆಂದದ ಪ್ರಶ್ನೆಯೇ ಇಲ್ಲ. ಅಡ್ಡಗಂಬ ಬಿದ್ದರೆ 4 ತಪ್ಪಂಕ, ಕುದುರೆ ಮೊದಲ ಸಲ ಜಿಗಿಯಲು ನಿರಾಕರಿಸಿದರೆ ಮತ್ತೆ 4. ಎರಡನೇ ಸಲ ನಿರಾಕರಿಸಿದರೂ, ಸವಾರ ಬಿದ್ದರೂ ಅಲ್ಲಿಗೆ ಮುಗಿಯಿತು. ಉಳಿದುದೆಲ್ಲ ಗಡಿಯಾರಕ್ಕೆ ಬಿಟ್ಟದ್ದು. ಹಂಟರ್ ವಿಭಾಗದಲ್ಲಿ ಅಂಕ ಕುದುರೆಗೆ. ನರಿ ಬೇಟೆಯ ಬಯಲಿನಲ್ಲಿ ದಿನವಿಡೀ ಸವಾರನಿಗೆ ದಣಿವಾಗದಂತೆ ಸಾಗುವ ಕುದುರೆ ಯಾವುದು ಎಂಬ ಹಳೆಯ ಪರೀಕ್ಷೆಯೇ ಇದರ ಮೂಲ. ತಲೆ ಕೊಡವದೆ, ಕಿವಿ ಮುಂದಿಟ್ಟು, ಎಂಟು ಹತ್ತು ತಡೆಗಳನ್ನೂ ಒಂದೇ ವೇಗದಲ್ಲಿ ತಲುಪಿ, ಮುಂಗಾಲುಗಳನ್ನು ಸಮವಾಗಿ ಮಡಚಿ ದಾಟಬೇಕು. ನೂರಕ್ಕೆ ಎಂಬತ್ತು ದಾಟಿದರೆ ಒಳ್ಳೆಯ ಸುತ್ತು. ಹೊಸಬರಿಗೆ ಇದು ಬೇಸರದ ನೋಟ. ಎಲ್ಲ ಕುದುರೆಗಳೂ ಒಂದೇ ಥರ ಓಡುತ್ತಿವೆ ಎನಿಸುವುದು ಸಹಜ. ಆದರೆ ಜಿಗಿತಕ್ಕೆ ಮುನ್ನ ಕುದುರೆ ಗಿಡ್ಡ ಹೆಜ್ಜೆಯೊಂದನ್ನು ತುರುಕಿದ್ದನ್ನು ಒಮ್ಮೆ ಗುರುತಿಸಿದ ಕಣ್ಣಿಗೆ ಆಮೇಲೆ ಜಂಪರ್ ಕಣದ ಗದ್ದಲ ಅಷ್ಟೇನೂ ರುಚಿಸುವುದಿಲ್ಲ.

ಮೂರನೆಯದು ಇಕ್ವಿಟೇಶನ್, ಸವಾರರ ಪರೀಕ್ಷೆ. ಕೂರುವ ಭಂಗಿ, ಕೈಯ ಮೃದುತನ, ಕಾಲಿನ ಸ್ಥಿರತೆ, ತೆಗೆದುಕೊಳ್ಳುವ ನಿರ್ಧಾರ ಎಲ್ಲಕ್ಕೂ ಇಲ್ಲಿ ಅಂಕ. ಮೊದಲ ಸುತ್ತಿನ ಬಳಿಕ ತೀರ್ಪುಗಾರರು ಕೆಲವರನ್ನು ಮತ್ತೆ ಕರೆದು ರಿಕಾಪು ಬಿಟ್ಟು ಸವಾರಿ ಮಾಡಲು, ಒಂದು ತಡೆಯನ್ನು ಟ್ರಾಟ್ ಎಂಬ ಕುಲುಕು ನಡೆಯಲ್ಲೇ ದಾಟಲು, ದಾಟಿದ ಮೇಲೆ ನೇರ ಗೆರೆಯಲ್ಲಿ ನಿಲ್ಲಿಸಲು ಹೇಳಬಹುದು. ಈ ವಿಭಾಗದ ದೊಡ್ಡ ಪ್ರಶಸ್ತಿಗಳಲ್ಲೊಂದು 1933ರಲ್ಲಿ ಆರಂಭವಾದ ಮಕ್ಲೇ. ತಡೆಗಳ ಎತ್ತರ ಮೂರೂವರೆ ಅಡಿ. 1941ರಲ್ಲಿ ಈ ಪ್ರಶಸ್ತಿಯನ್ನು ಗೆದ್ದ ವಿಲಿಯಂ ಸ್ಟೀನ್‌ಕ್ರೌಸ್ 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಸ್ನೋಬೌಂಡ್ ಎಂಬ ಕುದುರೆಯೊಡನೆ ಚಿನ್ನ ಗೆದ್ದರು. ಕುದುರೆ ಸವಾರಿಯಲ್ಲಿ ಅಮೆರಿಕಕ್ಕೆ ಅದು ಮೊದಲ ವೈಯಕ್ತಿಕ ಚಿನ್ನ. ಅಂದದ ಸವಾರಿ ಬೇರೆ, ಗೆಲ್ಲುವ ಸವಾರಿ ಬೇರೆ ಎನ್ನುವವರು ಈ ಹೆಸರಿನ ಮುಂದೆ ಸ್ವಲ್ಪ ತಡವರಿಸಬೇಕಾಗುತ್ತದೆ.

ಬೇಸಿಗೆಯ ತಯಾರಿ ವಸಂತದಲ್ಲೇ ಶುರುವಾಗುತ್ತದೆ. ಚಳಿಗಾಲದಲ್ಲಿ ಕೆಲಸ ಕಡಿಮೆಯಿದ್ದ ಕುದುರೆಗೆ ಮೊದಲ ಕೆಲವು ವಾರ ಉದ್ದನೆಯ ನಡಿಗೆ, ಸಾಧ್ಯವಿದ್ದರೆ ಗುಡ್ಡದ ಏರು. ಆಮೇಲೆ ಟ್ರಾಟ್, ಅದರ ನಂತರ ಕ್ಯಾಂಟರ್ ಎಂಬ ಹದವಾದ ಓಟ, ಕೊನೆಗೆ ಜಿಗಿತ. ಈ ಆತುರವಿಲ್ಲದ ಕ್ರಮಕ್ಕೆ ಕಾರಣ ಕುದುರೆಯ ಮೈಯಲ್ಲೇ ಇದೆ. ಉಸಿರು ಬೇಗ ಕುದುರುತ್ತದೆ, ಮಾಂಸಖಂಡ ಅದರ ಹಿಂದೆಯೇ ಬರುತ್ತದೆ. ಕಾಲಿನ ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ಮಾತ್ರ ತಿಂಗಳುಗಳೇ ಬೇಕು. ಎರಡು ತಿಂಗಳ ಕೆಲಸದ ನಂತರ ಕುದುರೆ ಎಷ್ಟು ದುಡಿದರೂ ದಣಿಯದಂತೆ ಕಾಣುವ ಹಂತವೇ ಅಪಾಯದ್ದು. ಹುಮ್ಮಸ್ಸು ಕಾಲಿಗಿಂತ ಮುಂದೆ ಓಡಿರುತ್ತದೆ. ಬಲ್ಲ ತರಬೇತುದಾರರು ವಾರಕ್ಕೆ ಒಂದೆರಡು ದಿನಕ್ಕಿಂತ ಹೆಚ್ಚು ಜಿಗಿಸುವುದಿಲ್ಲ. ಉಳಿದ ದಿನ ಸಮತಟ್ಟು ನೆಲದಲ್ಲಿ ವೃತ್ತ, ತಿರುವು, ವೇಗ ಬದಲಿಸುವ ಅಭ್ಯಾಸ, ನೆಲದ ಮೇಲಿಟ್ಟ ಕೋಲುಗಳನ್ನು ಎಣಿಸಿದ ಹೆಜ್ಜೆಗಳಲ್ಲಿ ದಾಟುವುದು. ಒಂದು ದಿನ ಪೂರ್ತಿ ಬಿಡುವು. ಸವಾರರ ಮೈಗೂ ಬೇರೆ ಪಾಠವಿದೆ, ರಿಕಾಪಿಲ್ಲದೆ ಸವಾರಿ. ತೊಡೆ ಉರಿಯುವ ಈ ಅಭ್ಯಾಸವನ್ನು ಯಾರೂ ಪ್ರೀತಿಸುವುದಿಲ್ಲ, ಆದರೆ ಜೀನಿನ ಮೇಲೆ ಅಲುಗದೆ ಕೂರಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಕಾಗದಪತ್ರಗಳ ಕೆಲಸವೂ ಆಗಲೇ ಮುಗಿಯಬೇಕು. ಸಾಂಕ್ರಾಮಿಕ ರಕ್ತಹೀನತೆ ಎಂಬ ವೈರಸ್ ರೋಗ ಕುದುರೆಗಳಲ್ಲಿದೆ. ಕಚ್ಚುವ ನೊಣಗಳಿಂದ ಹರಡುತ್ತದೆ, ಔಷಧಿಯಿಲ್ಲ. ಅದು ಇಲ್ಲವೆಂದು ತೋರಿಸುವ ರಕ್ತಪರೀಕ್ಷೆಯ ಪತ್ರವಿಲ್ಲದೆ ಶೋ ಮೈದಾನದೊಳಗೆ ಕುದುರೆಯನ್ನು ಬಿಡುವುದಿಲ್ಲ. 1970ರ ದಶಕದಲ್ಲಿ ಬಳಕೆಗೆ ಬಂದ ಈ ಪರೀಕ್ಷೆಗೆ ಅದನ್ನು ರೂಪಿಸಿದ ಪಶುವೈದ್ಯ ಲಿರಾಯ್ ಕಾಗಿನ್ಸ್‌ ಅವರ ಹೆಸರೇ ಉಳಿದಿದೆ. ಫೆಡರೇಷನ್ನಿನ ಶೋಗಳಿಗೆ ಹೋಗುವ ಕುದುರೆಗೆ ಫ್ಲೂ ಮತ್ತು ಹರ್ಪಿಸ್ ಲಸಿಕೆ ಆರು ತಿಂಗಳೊಳಗೆ ಆಗಿರಬೇಕು. ಕಿರಿಯ ಸವಾರರಿಗೂ ಒಂದು ರಕ್ಷಣೆ ಸೇರಿದೆ. ಕ್ರೀಡೆಯಲ್ಲಿ ದೌರ್ಜನ್ಯ ತಡೆಯಲು 2017ರಲ್ಲಿ ಕೆಲಸ ಆರಂಭಿಸಿದ ಸೇಫ್‌ಸ್ಪೋರ್ಟ್ ಕೇಂದ್ರದ ತರಬೇತಿಯನ್ನು ಸ್ಪರ್ಧಿಸುವ ವಯಸ್ಕ ಸದಸ್ಯರೆಲ್ಲ ಮುಗಿಸಿರಬೇಕು. ವಯಸ್ಕರೊಬ್ಬರು ಕಿರಿಯರೊಬ್ಬರಿಗೆ ಪಾಠ ಹೇಳುವುದು ಇತರರ ಕಣ್ಣಿಗೆ ಬೀಳುವ ಜಾಗದಲ್ಲೇ ಆಗಬೇಕು. ಕಿರಿಯರು ಗಂಟೆಗಟ್ಟಲೆ ಲಾಯದಲ್ಲಿ ಕಳೆಯುವ ಈ ಕ್ರೀಡೆಗೆ ಇದು ಬಹಳ ಹಿಂದೆಯೇ ಬರಬೇಕಿತ್ತು.

ಲಾಳ ಕಟ್ಟುವವರ ಭೇಟಿ ಆರು ವಾರದ ಆಸುಪಾಸಿಗೊಮ್ಮೆ. ಬೇಸಿಗೆಯಲ್ಲಿ ಗೊರಸು ಬೇಗ ಬೆಳೆಯುತ್ತದೆ. ನೊಣಕ್ಕೆ ಕಾಲು ಅಪ್ಪಳಿಸಿ ಅಪ್ಪಳಿಸಿ ಲಾಳ ಸಡಿಲವೂ ಆಗುತ್ತದೆ. ಹೊಸ ಲಾಳವನ್ನು ಶೋದ ಹಿಂದಿನ ದಿನ ಹೊಡೆಸುವುದಕ್ಕಿಂತ ಒಂದು ವಾರ ಮೊದಲೇ ಹೊಡೆಸುವುದು ಜಾಣತನ, ಮೊಳೆ ತುಸು ಒಳಗೆ ಒತ್ತಿದ್ದರೆ ಸರಿಪಡಿಸಲು ಸಮಯವಿರುತ್ತದೆ.

ಮೈಬಣ್ಣದ ಆರೈಕೆ ಬೇರೆಯೇ ಶಾಸ್ತ್ರ. ಕಡು ಕಂದು, ಕಪ್ಪು ಬಣ್ಣಗಳು ಬಿಸಿಲಿಗೆ ಮಾಸಿ ತುಕ್ಕಿನ ಬಣ್ಣಕ್ಕೆ ತಿರುಗುತ್ತವೆ, ಒಣಗಿದ ಬೆವರು ಅದನ್ನು ಇನ್ನಷ್ಟು ಕೆಡಿಸುತ್ತದೆ. ಆದ್ದರಿಂದ ಶೋ ಕುದುರೆಗಳ ದಿನಚರಿ ತಲೆಕೆಳಗು: ಹಗಲೆಲ್ಲ ಫ್ಯಾನಿನ ಗಾಳಿಯಲ್ಲಿ ಲಾಯದೊಳಗೆ, ರಾತ್ರಿ ಹುಲ್ಲುಗಾವಲಿನಲ್ಲಿ. ನೊಣಗಳ ಕಾಟವೂ ಆಗ ಕಡಿಮೆ. ಹೊಳಪಿಗೆ ಅಂಗಡಿಯ ಸ್ಪ್ರೇಗಳು ಬೇಕಾದಷ್ಟಿವೆ, ಆದರೆ ಪ್ರತಿದಿನ ರಬ್ಬರ್ ಬ್ರಷ್ಷಿನಿಂದ ಸುತ್ತು ಸುತ್ತಾಗಿ ತಿಕ್ಕಿ ತಿಕ್ಕಿ ಚರ್ಮದ ಎಣ್ಣೆಯನ್ನೇ ರೋಮಕ್ಕೆ ತರುವ ಕೆಲಸದ ಮುಂದೆ ಅವೆಲ್ಲ ಮೇಲುಮೇಲಿನವು. ತೀರ್ಪುಗಾರರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಬಿಳಿ ಕಾಲುಗಳಿಗೆ ಹಳದಿ ಕಲೆ ತೆಗೆಯುವ ನೇರಳೆ ಶಾಂಪೂ, ಕಣಕ್ಕಿಳಿಯುವ ಮುನ್ನ ಒಂದಿಷ್ಟು ಪೌಡರ್.

ಬಿಸಿಲೇ ಈ ಋತುವಿನ ದೊಡ್ಡ ಎದುರಾಳಿ. ಐನೂರು ಕಿಲೋ ತೂಕದ ಮೈಯಲ್ಲಿ ಮಾಂಸಖಂಡಗಳು ಹುಟ್ಟಿಸುವ ಶಾಖ ಹೊರಹೋಗಲು ಇರುವ ಚರ್ಮದ ಹರವು, ತೂಕಕ್ಕೆ ಹೋಲಿಸಿದರೆ, ಮನುಷ್ಯನಿಗಿಂತ ಕಡಿಮೆ. ಕುದುರೆ ಧಾರಾಳವಾಗಿ ಬೆವರುತ್ತದೆ, ಬೆವರಿನಲ್ಲಿ ಉಪ್ಪು ಹೆಚ್ಚು. ಹಾಗಾಗಿ ನೀರಿನ ಜೊತೆ ಉಪ್ಪಿನಂಶವನ್ನೂ ಮರಳಿ ಕೊಡಬೇಕು. ಸವಾರರು ಬಳಸುವ ಸರಳ ಲೆಕ್ಕವೊಂದಿದೆ: ಫ್ಯಾರನ್‌ಹೀಟ್ ಉಷ್ಣಾಂಶಕ್ಕೆ ಗಾಳಿಯ ತೇವಾಂಶದ ಶೇಕಡಾವಾರನ್ನು ಕೂಡಿಸುವುದು. ಮೊತ್ತ 130ಕ್ಕಿಂತ ಕೆಳಗಿದ್ದರೆ ಕುದುರೆ ತಾನೇ ತಣಿದುಕೊಳ್ಳುತ್ತದೆ. 150 ದಾಟಿದರೆ ಎಚ್ಚರ, 180ರ ಮೇಲೆ ಕೆಲಸವೇ ಬೇಡ. 86 ಡಿಗ್ರಿ ಬಿಸಿಲು, ಶೇ 70 ತೇವಾಂಶವಿದ್ದರೆ ಮೊತ್ತ 156. ಕೆಂಟಕಿಯ ಆಗಸ್ಟ್‌ನಲ್ಲಿ ಇದೇನೂ ವಿಶೇಷವಲ್ಲ. ಬಿಸಿಯೇರಿದ ಕುದುರೆಯ ಮೇಲೆ ತಣ್ಣೀರು ಸುರಿದರೆ ಮಾಂಸಖಂಡ ಹಿಡಿದುಕೊಳ್ಳುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಸೆಕೆಗೆ ಸಿದ್ಧವಾಗಲು ನಡೆದ ಸಂಶೋಧನೆಗಳು ಅದನ್ನು ಅಲ್ಲಗಳೆದವು. ಈಗಿನ ಕ್ರಮವೆಂದರೆ ನೆರಳಿನಲ್ಲಿ ನಿಲ್ಲಿಸಿ, ಮೈತುಂಬ ತಣ್ಣೀರನ್ನು ಬಿಡದೆ ಸುರಿಯುವುದು. ಸವಾರರಿಗೋ ಗಾಢ ಬಣ್ಣದ ಕೋಟು, ಮೊಣಕಾಲಿನವರೆಗಿನ ಬೂಟು, ಕೂದಲನ್ನೆಲ್ಲ ಬಲೆಯೊಳಗೆ ಮಡಚಿ ಮೇಲೆ ಬಿಗಿದ ಹೆಲ್ಮೆಟ್. ವಿಪರೀತ ಸೆಕೆಯ ದಿನ ಕೋಟಿಗೆ ವಿನಾಯಿತಿ ಸಿಗಬಹುದು, ಹೆಲ್ಮೆಟ್ಟಿಗೆ ಎಂದಿಗೂ ಇಲ್ಲ.

ಶೋದ ಹಿಂದಿನ ದಿನ ಸ್ನಾನ, ಜೀನು ಮತ್ತು ಕಡಿವಾಣದ ಚರ್ಮಕ್ಕೆ ಸೋಪು, ಗಾಡಿಗೆ ಸಾಮಾನು. ಹಂಟರ್ ಕುದುರೆಯ ಕತ್ತಿನ ಕೂದಲನ್ನು ಬಲಗಡೆಗೆ ಇಳಿಬಿಟ್ಟು ಉಲ್ಲನ್ ದಾರ ಸೇರಿಸಿ ಮೂವತ್ತು ನಲವತ್ತು ಪುಟ್ಟ ಜಡೆ ಹೆಣೆಯುವುದು ರೂಢಿ. ಸಂಜೆಯೇ ಹೆಣೆದರೆ ಕುದುರೆ ಬೆಳಗಾಗುವುದರೊಳಗೆ ಗೋಡೆಗೆ ತಿಕ್ಕಿ ಹಾಳುಮಾಡುತ್ತದೆಂದು ಇದು ನಡುರಾತ್ರಿಯ ಕೆಲಸ. ದೊಡ್ಡ ಶೋಗಳಲ್ಲಿ ಇದಕ್ಕೇ ಕಸುಬುದಾರರಿದ್ದಾರೆ. ಹಣ ಕೊಡಲಾಗದ ಮನೆಯ ಹುಡುಗಿಯರು ತಾವೇ ಕಲಿತು, ಮುಂದೆ ಇತರರ ಕುದುರೆಗಳಿಗೂ ಹೆಣೆದು ಪ್ರವೇಶಶುಲ್ಕ ಸಂಪಾದಿಸುವುದುಂಟು. ಈ ಕ್ರೀಡೆ ದುಬಾರಿ ಎಂಬುದನ್ನು ಮುಚ್ಚಿಡಲಾಗದು. ಕುದುರೆಯನ್ನು ಗುತ್ತಿಗೆಗೆ ಪಡೆಯುವುದು, ಲಾಯ ಗುಡಿಸಿ ಪಾಠದ ಖರ್ಚು ತೀರಿಸುವುದು, ಇತರರ ಕುದುರೆಗಳಿಗೆ ಕರೆದಾಗ ಸವಾರರಾಗುವುದು ಇಂಥವೇ ಸಾಧಾರಣ ಮನೆಯವರಿಗೆ ಇರುವ ದಾರಿಗಳು.

ಬೆಳಗ್ಗೆ ಜಂಪರ್ ಸವಾರರು ಕುದುರೆಯಿಲ್ಲದೆ ಕಣದೊಳಗೆ ನಡೆದು ದೂರ ಅಳೆಯುತ್ತಾರೆ. ಕುದುರೆಯ ಕ್ಯಾಂಟರ್ ಹೆಜ್ಜೆ 12 ಅಡಿ ಎಂದು ಲೆಕ್ಕ. ಮೂರು ಅಡಿಯ ನಾಲ್ಕು ನಡಿಗೆ ಹೆಜ್ಜೆಗೆ ಸಮ. ಮೊದಲ ತಡೆ ದಾಟಿ ಇಳಿಯಲು 6 ಅಡಿ, ಮುಂದಿನದಕ್ಕೆ ನೆಗೆಯಲು 6 ಅಡಿ ಬಿಡಬೇಕು. ಎರಡು ತಡೆಗಳ ನಡುವೆ 60 ಅಡಿಯಿದ್ದರೆ ಉಳಿಯುವುದು 48, ಅಂದರೆ ನಾಲ್ಕು ಹೆಜ್ಜೆ. ದೂರ 66 ಅಡಿ ಬಂದರೆ ನಾಲ್ಕೂವರೆ. ಅರೆಹೆಜ್ಜೆ ಇಡಲು ಕುದುರೆಗೆ ಬರುವುದಿಲ್ಲವಾದ್ದರಿಂದ ಲಗಾಮು ಬಿಗಿದು ಐದು ಮಾಡುವುದೋ, ಮುಂದೆ ಬಿಟ್ಟು ನಾಲ್ಕರಲ್ಲೇ ಮುಗಿಸುವುದೋ ಎಂಬುದನ್ನು ಸವಾರರು ಕಣದ ಹೊರಗೇ ನಿರ್ಧರಿಸಿರಬೇಕು. ಹಂಟರ್ ಕಣದಲ್ಲಿ ಸಾಮಾನ್ಯವಾಗಿ ಈ ನಡೆದಾಟಕ್ಕೆ ಅವಕಾಶವಿಲ್ಲ. ಬಾಗಿಲಲ್ಲಿ ಅಂಟಿಸಿದ ನಕ್ಷೆ ನೋಡಿ ಬಾಯಿಪಾಠ ಮಾಡಬೇಕು. ಅಭ್ಯಾಸದ ಅಂಗಳದಲ್ಲಿ ಆರೇಳು ಜಿಗಿತ ಸಾಕು. ಅಲ್ಲೇ ಇಪ್ಪತ್ತು ಸಲ ಜಿಗಿಸಿದವರು ಒಳ್ಳೆಯ ಸುತ್ತನ್ನು ನೋಡುವವರಿಲ್ಲದ ಜಾಗದಲ್ಲಿ ಖರ್ಚು ಮಾಡಿರುತ್ತಾರೆ. ಕಣದೊಳಗಿನ ಸುತ್ತು ಎರಡು ನಿಮಿಷದೊಳಗೆ ಮುಗಿಯುತ್ತದೆ. ಗೆದ್ದವರಿಗೆ ನೀಲಿ ರಿಬ್ಬನ್, ಎರಡನೆಯವರಿಗೆ ಕೆಂಪು. ಬ್ರಿಟನ್ನಿನಲ್ಲಿ ಇದು ಅದಲುಬದಲು, ಅಲ್ಲಿ ಕೆಂಪೇ ಮೊದಲು.

ಜಿಗಿಯದ ಸ್ಪರ್ಧೆಗಳೂ ಇವೆ. ಕೃಷಿ ವಿಸ್ತರಣಾ ಇಲಾಖೆಗಳ ಜೊತೆ ಬೆಳೆದ 4-ಎಚ್ ಮಕ್ಕಳ ಸಂಘಗಳು ಕೌಂಟಿ ಜಾತ್ರೆಗಳಲ್ಲಿ ‘ಶೋಮನ್‌ಶಿಪ್’ ನಡೆಸುತ್ತವೆ. ಇಲ್ಲಿ ಸವಾರಿಯೇ ಇಲ್ಲ, ಕುದುರೆಯನ್ನು ಹಗ್ಗ ಹಿಡಿದು ನಡೆಸಿ ನಿಲ್ಲಿಸಿ ತೋರಿಸುವುದಷ್ಟೆ. ಕುದುರೆಯ ಮೈಯನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿಕೊಂಡು, ತೀರ್ಪುಗಾರರು ಮುಂಭಾಗದಲ್ಲಿದ್ದಾಗ ಹುಡುಗಿ ಎದುರು ಬದಿಗೆ, ಹಿಂಭಾಗಕ್ಕೆ ಸರಿದಾಗ ಅವರಿರುವ ಬದಿಗೇ ಹೋಗಬೇಕು. ಕುದುರೆ ಬೆದರಿದರೆ ಅದರ ತಲೆಯನ್ನು ತನ್ನ ಕಡೆಗೆ ಎಳೆದಾಗ ಹಿಂಗಾಲುಗಳು ತೀರ್ಪುಗಾರರಿಂದ ದೂರ ತಿರುಗುತ್ತವೆ ಎಂಬುದು ಇದರ ತರ್ಕ. ದೊಡ್ಡ ಶೋಗಳ ಥಳುಕು ಇಲ್ಲಿಲ್ಲ. ಆದರೆ ಕುದುರೆ ಸಾಕಿದ್ದು ಯಾರು, ಸಾಕಿಸಿದ್ದು ಯಾರು ಎಂಬುದು ಇಲ್ಲಿ ಬಯಲಾಗುವಷ್ಟು ಸಲೀಸಾಗಿ ಬೇರೆಲ್ಲೂ ಆಗುವುದಿಲ್ಲ.

ಬೇಸಿಗೆಯ ಶೋಗಳನ್ನು ಆರಿಸುವ ಕಲೆ ಹೆಚ್ಚಿನಂಶ ಬಿಡುವ ಕಲೆ. ಸತತ ಮೂರು ವಾರ ಪಯಣಿಸಿದ ಕುದುರೆ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತದೆ, ಮೇವು ಬಿಡುತ್ತದೆ. ಹೊಟ್ಟೆಯ ಹುಣ್ಣೂ ಶೂಲೆಯೂ ಇಂಥ ಹೊತ್ತಿಗೇ ಕಾದಿರುತ್ತವೆ. ಫೈನಲ್ಸ್‌ಗೆ ಬೇಕಾದ ಅರ್ಹತೆ ಜೂನ್‌ನಲ್ಲೇ ದೊರೆತರೆ ಜುಲೈನ ಒಂದೆರಡು ಶೋಗಳನ್ನು ಬಿಡುವವರೇ ಆಗಸ್ಟ್‌ನಲ್ಲಿ ತಾಜಾ ಕುದುರೆಯೊಂದಿಗೆ ಬರುತ್ತಾರೆ. ಪೋನಿ ಫೈನಲ್ಸ್‌ನಲ್ಲಿ ಜಿಗಿತವಷ್ಟೇ ಅಲ್ಲ, ಜೀನಿಲ್ಲದೆ ನಿಂತ ಪೋನಿಯ ಅಂಗಸೌಷ್ಠವವನ್ನೂ ಸಮನೆಲದ ನಡೆಯನ್ನೂ ನೋಡುತ್ತಾರೆ; ಸೊರಗಿದ ಪೋನಿ ಅಲ್ಲಿ ಬಚ್ಚಿಟ್ಟುಕೊಳ್ಳಲಾರದು.

ಆಗಸ್ಟ್ ಮುಗಿದರೆ ಹೆಚ್ಚಿನವರಿಗೆ ಶಾಲೆ. ಇಕ್ವಿಟೇಶನ್ನಿನಲ್ಲಿ ಅರ್ಹತೆ ಪಡೆದ ಕೆಲವರಿಗೆ ಮಾತ್ರ ಅಕ್ಟೋಬರ್‌ನಲ್ಲಿ ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್‌ನ ಶೋ, ಆಮೇಲೆ ನ್ಯಾಷನಲ್ ಹಾರ್ಸ್ ಶೋದಲ್ಲಿ ಮಕ್ಲೇ ಫೈನಲ್ ಕಾದಿರುತ್ತದೆ. 1883ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಹುಟ್ಟಿದ ಆ ಶೋ 2011ರಿಂದ ಕೆಂಟಕಿಗೆ ಬಂದಿದೆ. ಉಳಿದ ಕುದುರೆಗಳ ಕೆಲಸವನ್ನು ಒಮ್ಮೆಲೇ ನಿಲ್ಲಿಸದೆ ಕೆಲವು ವಾರಗಳಲ್ಲಿ ಇಳಿಸುತ್ತಾರೆ, ಜೊತೆಗೇ ಧಾನ್ಯವನ್ನೂ ಕಡಿಮೆ ಮಾಡುತ್ತಾರೆ. ದುಡಿಮೆಯಿಲ್ಲದ ಮೈಗೆ ದುಡಿಮೆಯ ದಿನದಷ್ಟೇ ಧಾನ್ಯ ಹಾಕಿದರೆ ಮಾಂಸಖಂಡಗಳು ಸೆಟೆದುಕೊಳ್ಳುವ ಕಾಯಿಲೆ ಬರಬಹುದು. ಗೊರಸು ಗಟ್ಟಿಯಿರುವ ಕುದುರೆಗೆ ಲಾಳ ಕಳಚಿ ಹುಲ್ಲುಗಾವಲಿಗೆ ಬಿಡುವುದೂ ಉಂಟು. ಆಗಲೂ ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಹದಗೊಳಿಸುವುದನ್ನು ತಪ್ಪಿಸುವಂತಿಲ್ಲ.