ಲಿಂಗಾಲಕೊಂಡ ಯಾವ ಸಂಪುಟಕ್ಕೆ ಸೇರಬೇಕು?

ಹಳೆಯ ಸ್ಮಾರಕಗಳ ಬಗ್ಗೆ ನಮ್ಮಲ್ಲಿ ಬರುವ ಪ್ರವಾಸ ಬರಹಗಳಿಗೆ ಮೂರು ಖಾನೆಗಳು ಮೊದಲೇ ಸಿದ್ಧವಾಗಿರುತ್ತವೆ: ಇದು ಹಿಂದೂ, ಇದು ಮುಸ್ಲಿಮ್, ಇದು ಬೌದ್ಧ. ಈ ವಿಂಗಡಣೆ ಶಾಲಾ ಪ್ರವಾಸದ ಬಸ್ಸಿನೊಳಗೂ ಬಂದು ಕೂತಿದೆ. ಇದಕ್ಕೆ ಗಟ್ಟಿ ರೂಪ ಕೊಟ್ಟ ಪುಸ್ತಕಗಳಲ್ಲಿ ಪರ್ಸಿ ಬ್ರೌನ್ ಅವರ 'ಇಂಡಿಯನ್ ಆರ್ಕಿಟೆಕ್ಚರ್' ಒಂದು. 1940ರ ದಶಕದಲ್ಲಿ ಬಂದ ಅದರ ಎರಡು ಸಂಪುಟಗಳಲ್ಲಿ ಒಂದು ಬೌದ್ಧ ಮತ್ತು ಹಿಂದೂ ಕಾಲಕ್ಕೆ, ಇನ್ನೊಂದು ಇಸ್ಲಾಮಿಕ್ ಕಾಲಕ್ಕೆ. ನಕ್ಷೆ, ವಿವರಣೆಗಳ ವಿಷಯದಲ್ಲಿ ಅದರ ಉಪಕಾರ ದೊಡ್ಡದು. ನನ್ನ ತಕರಾರು ಇರೋದು ಆ ಹಂಚಿಕೆಯ ಬಗ್ಗೆ.

ಹಂಚಿಕೆ ಎಷ್ಟು ತಡೆಯುತ್ತೆ ಅಂತ ನೋಡೋಕೆ ಆಂಧ್ರದ ಅನಕಾಪಲ್ಲಿಗೆ ಹೋಗಬೇಕು. ಬೆಲ್ಲದ ಮಾರುಕಟ್ಟೆಗೆ ಹೆಸರಾದ ಊರದು. ಪಕ್ಕದಲ್ಲೇ ಶಂಕರಂ ಅನ್ನೋ ಹಳ್ಳಿ. ಕೇಳಿದರೆ ಶಿವನ ಹೆಸರು, ಆದರೆ ಅದು 'ಸಂಘಾರಾಮ', ಅಂದರೆ ಬೌದ್ಧ ವಿಹಾರ ಅನ್ನೋ ಮಾತಿನಿಂದ ಬಂದದ್ದು ಅಂತ ವಿದ್ವಾಂಸರು ಹೇಳ್ತಾರೆ. ಅಲ್ಲಿ ಅಕ್ಕಪಕ್ಕ ಎರಡು ಗುಡ್ಡ, ಬೊಜ್ಜನ್ನಕೊಂಡ ಮತ್ತು ಲಿಂಗಾಲಕೊಂಡ. ಲಿಂಗಾಲಕೊಂಡದಲ್ಲಿ ಬಂಡೆಯಲ್ಲೇ ಕಡೆದ ಸ್ತೂಪಗಳು ಸಾಲುಸಾಲಾಗಿ ನಿಂತಿವೆ. ಭಿಕ್ಷುಗಳು ಹೋದ ಮೇಲೆ ಊರಿನವರ ಕಣ್ಣಿಗೆ ಅವು ಲಿಂಗಗಳಾಗಿ ಕಂಡವು, ಗುಡ್ಡಕ್ಕೆ ಆ ಹೆಸರೇ ನಿಂತಿತು. ಬೊಜ್ಜನ್ನಕೊಂಡದಲ್ಲಾದರೆ, ಸಂಕ್ರಾಂತಿಯ ಮಾರನೇ ದಿನದ ಕನುಮ ಹಬ್ಬಕ್ಕೆ ಹೊಟ್ಟೆಯಾಕಾರದ ಒಂದು ಕಲ್ಲನ್ನು ರಾಕ್ಷಸನದು ಅಂತ ತಿಳಿದು ಜನ ಕಲ್ಲು ಹೊಡೀತಿದ್ದರು. ಆ ರೂಢಿಯನ್ನು ಇಂಟ್ಯಾಕ್ ಸಂಸ್ಥೆಯವರು ತಿಳಿಹೇಳಿ ನಿಲ್ಲಿಸಿದರು. ಒಂದು ಗುಡ್ಡಕ್ಕೆ ಪೂಜ್ಯ ಹೆಸರು, ಇನ್ನೊಂದರ ಕಲ್ಲಿಗೆ ಕಲ್ಲೇಟು. ಎರಡೂ ಕಡೆ ಮರೆತುಹೋದದ್ದು ಒಂದೇ ಬೌದ್ಧ ನೆನಪು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲೆಕ್ಸಾಂಡರ್ ರೀ ಇಲ್ಲಿ ಅಗೆಸಿದಾಗ ಸಮುದ್ರಗುಪ್ತನ ಚಿನ್ನದ ನಾಣ್ಯ ಸಿಕ್ಕಿತು. ಜೊತೆಗೆ ವಿಷಮಸಿದ್ಧಿ ಅನ್ನೋ ಬಿರುದಿನ ಚಾಲುಕ್ಯ ವಿಷ್ಣುವರ್ಧನನ ತಾಮ್ರದ ನಾಣ್ಯಗಳೂ ಸಿಕ್ಕವು. ಈ ಕುಬ್ಜ ವಿಷ್ಣುವರ್ಧನ ಬೇರೆ ಯಾರೂ ಅಲ್ಲ, ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ. ವಿಜಯವಾಡದ ಎದುರು ದಡದ ಉಂಡವಲ್ಲಿಯಲ್ಲೂ ಇದೇ ಕತೆ. ವಿಹಾರದ ಹಾಗೆ ಕಾಣುವ ನಾಲ್ಕು ಅಂತಸ್ತಿನ ಗುಹೆ, ಒಳಗೆ ಬಂಡೆಯಲ್ಲಿ ಮಲಗಿರುವ ಅನಂತಶಯನ ವಿಷ್ಣು.

ಬ್ರೌನ್ ಅವರ ಪರವಾಗಿ ಒಂದು ಮಾತು ಹೇಳಬಹುದು: ಬೌದ್ಧ, ಹಿಂದೂ ಎರಡೂ ಒಂದೇ ಸಂಪುಟದಲ್ಲಿ ಇರೋದರಿಂದ ಈ ಎರಡು ಜಾಗಗಳಿಗೆ ಅಲ್ಲಿ ತೊಂದರೆಯಿಲ್ಲ. ನಿಜ. ಹಾಗಾದರೆ ಹಂಪಿಗೆ ಬನ್ನಿ. 1439ರಲ್ಲಿ ಎರಡನೇ ದೇವರಾಯನ ಅಧಿಕಾರಿ ಅಹ್ಮದ್ ಖಾನ್ ಅಲ್ಲಿ ಮಸೀದಿ ಕಟ್ಟಿಸಿದ. ಕಮಾನು, ಗುಮ್ಮಟ ಯಾವುದೂ ಇಲ್ಲ, ನೋಡೋಕೆ ಗುಡಿಯ ಕಂಬದ ಮಂಟಪವೇ. ಕನ್ನಡ ಶಾಸನ ಅದನ್ನು 'ಧರ್ಮಸಾಲೆ' ಅಂತ ಕರೆಯುತ್ತೆ, ಅದರ ಪುಣ್ಯ ದೇವರಾಯನಿಗೆ ಸೇರಲಿ ಅನ್ನುತ್ತೆ. ಇದನ್ನು ಯಾವ ಸಂಪುಟದಲ್ಲಿ ಇಡೋದು? ಕಟ್ಟಿಸಿದವನ ಹೆಸರು ನೋಡಿದರೆ ಎರಡನೇದು, ಕಟ್ಟಿದವರ ಕೈ ನೋಡಿದರೆ ಮೊದಲನೇದು.

ಬ್ರೌನ್‌ಗಿಂತ ನೂರು ವರ್ಷ ಮೊದಲೇ ಬೇರೆ ದಾರಿ ಹಿಡಿದ ಒಂದು ಉರ್ದು ಪುಸ್ತಕ ಇದೆ: ಸರ್ ಸೈಯದ್ ಅಹ್ಮದ್ ಖಾನ್ ಅವರ 'ಆಸಾರುಸ್ಸನಾದೀದ್'. ದೆಹಲಿಯ ಇಮಾರತ್‌ಗಳ ಬಗ್ಗೆ 1847ರಲ್ಲಿ ಬಂತು. ಮೊದಲ ಆವೃತ್ತಿಯ ಉರ್ದು ತುಂಬಾ ಅಲಂಕಾರದ್ದು. 1854ರ ಎರಡನೇ ಆವೃತ್ತಿಯಲ್ಲಿ ಭಾಷೆ ನೇರವಾಯಿತು, ಕಟ್ಟಡಗಳು ಕಾಲದ ಕ್ರಮದಲ್ಲಿ ಬಂದವು. ಹಾಗಾಗಿ ಅಶೋಕನ ಸ್ತಂಭ, ಕಬ್ಬಿಣದ ಕಂಬ, ಕುತುಬ್ ಎಲ್ಲ ಒಂದೇ ರಟ್ಟಿನೊಳಗೆ. ಕುತುಬ್ ಬಳಿಯ ಮಸೀದಿಗೆ 27 ಮಂದಿರಗಳ ಸಾಮಗ್ರಿ ಬಳಸಿದ್ದು ಅಲ್ಲಿನ ಶಾಸನದಲ್ಲೇ ಇದೆ. ಸರ್ ಸೈಯದ್ ಅದನ್ನು ಮುಚ್ಚಿಡಲಿಲ್ಲ. ಸಾಮರಸ್ಯ ಅಂದರೆ ಕಹಿ ವಿಷಯ ಬಿಟ್ಟುಬಿಡೋದು ಅಂತ ತಿಳಿದವರು ಇದನ್ನು ಗಮನಿಸಬೇಕು. ಕೊರತೆಯೂ ಇದೆ: ಕಟ್ಟಿಸಿದ ಬಾದಶಾಹನಿಗೆ ಸಿಕ್ಕ ಜಾಗ ಕಲ್ಲು ಕಡೆದವನಿಗೆ ಅಲ್ಲಿ ಸಿಗೋದಿಲ್ಲ.

ಇದು ಬರೀ ವಿದ್ವಾಂಸರ ಜಗಳ ಅಲ್ಲ. ಪ್ರವಾಸದಲ್ಲಿ ಮಕ್ಕಳು ಮೊದಲು ಕೇಳೋ ಪ್ರಶ್ನೆ, "ಇದು ನಮ್ದಾ, ಅವರ್ದಾ?" ಖಾನೆಯ ಹೆಸರು ಹೇಳಿ ಉತ್ತರಿಸಿದರೆ ಬಸ್ಸಿನ ಅರ್ಧ ಮಕ್ಕಳು ಆ ಕ್ಷಣವೇ ಆ ಜಾಗಕ್ಕೆ ಪರದೇಶಿಗಳಾಗ್ತಾರೆ. ಅವರು ನೋಡ್ತಾರೆ, ಫೋಟೋ ತೆಗೀತಾರೆ, ಆದರೆ ಮುಂದೆ ಪ್ರಶ್ನೆ ಕೇಳೋದಿಲ್ಲ. ನಮ್ಮವರೂ ಇದಕ್ಕೆ ಹೊರತಲ್ಲ. ಗೋಳಗುಮ್ಮಟದ ತಾರೀಫು ಎಲ್ಲರ ಬಾಯಲ್ಲೂ ಇದೆ. ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ಹೋಗುವವರಲ್ಲಿ ಅದೇ ಜಿಲ್ಲೆಯ ಸನ್ನತಿಗೆ ಹೋಗುವವರು ಎಷ್ಟು ಮಂದಿ? ಅಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ದೇವಿಯ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು.

ಧರ್ಮದ ಹೆಸರೇ ಬೇಡ ಅಂತ ನಾನು ಹೇಳ್ತಿಲ್ಲ. ಸ್ತೂಪ ಸ್ತೂಪವೇ, ಮಿಹ್ರಾಬ್ ಮಿಹ್ರಾಬೇ. ಅಲ್ಲಿ ತಲೆಬಾಗಿದವರ ನಂಬಿಕೆ ನಿಜವಾದದ್ದು. ಆದರೆ ಆ ಹೆಸರು ಮೊದಲ ಪ್ರಶ್ನೆ ಆಗಬೇಕೇ ಹೊರತು ಕೊನೆಯ ಉತ್ತರ ಅಲ್ಲ. ಮಕ್ಕಳ ಪ್ರಾಜೆಕ್ಟ್ ಪುಸ್ತಕದಲ್ಲಿ 'ಯಾವ ಧರ್ಮದ್ದು' ಅನ್ನೋ ಸಾಲಿನ ಕೆಳಗೆ ಇನ್ನೂ ಮೂರು ಸಾಲು ಎಳೆಯೋಣ: ಕಡೆದವರು ಯಾರು? ಆಮೇಲೆ ಇಲ್ಲಿ ಯಾರು ಬಂದು ಏನು ಮಾಡಿದರು? ಊರಿನವರು ಇದನ್ನು ಈಗ ಏನಂತ ಕರೀತಾರೆ? ಲಿಂಗಾಲಕೊಂಡದಲ್ಲಿ ಮೂರನೇ ಸಾಲು ತುಂಬಿದರೆ ಸಾಕು, ಉಳಿದ ಪ್ರಶ್ನೆಗಳನ್ನು ಮಕ್ಕಳೇ ಕೇಳ್ತಾರೆ.