ಸ್ಟೈಲ್ ಶೀಟಿನೊಳಗೆ ಕಳೆದುಹೋದ ಊರು

ಕಾದಂಬರಿಗೆ ವಿಮರ್ಶೆ ಬರೀತಾರೆ, ಸಿನಿಮಾಕ್ಕೆ ಬರೀತಾರೆ, ದೋಸೆ ಕ್ಯಾಂಪಿನ ಬೆಣ್ಣೆ ದೋಸೆಗೂ ಸ್ಟಾರ್ ಕೊಡ್ತಾರೆ. ಜರ್ನಲ್‌ಗಳ ಸ್ಟೈಲ್ ಶೀಟನ್ನು ಮಾತ್ರ ಯಾರೂ ವಿಮರ್ಶೆ ಮಾಡೋದಿಲ್ಲ. ಅದೇನು ಬರವಣಿಗೆಯಾ, ಸೂಚನೆ ಅಷ್ಟೇ, ಪಾಲಿಸಿ ಮುಂದಕ್ಕೆ ಹೋಗು ಅನ್ನೋದು ಎಲ್ಲರ ಧೋರಣೆ. ಮೊನ್ನೆ ಒಂದು ಮಾನವಶಾಸ್ತ್ರದ ಜರ್ನಲ್‌ನ ಇಪ್ಪತ್ತೆರಡು ಪುಟದ ಸ್ಟೈಲ್ ಶೀಟನ್ನು ಎರಡು ಸಲ ಪೂರ್ತಿ ಓದಿದೆ. ಅದು ಸೂಚನೆ ಅಲ್ಲ, ಒಂದು ವಾದ. ಯಾರ ಭಾಷೆ ಮನೆಯದು, ಯಾರದ್ದು ಹೊರಗಿನದು, ಯಾವ ಊರಿಗೆ ಹೆಸರಿರಬೇಕು ಅಂತೆಲ್ಲ ತೀರ್ಮಾನ ಮಾಡಿ ಕೂತಿರೋ ವಾದ.

ಓದೋ ಪ್ರಸಂಗ ಬಂದದ್ದು ನಮ್ಮ ಚಿಗವ್ವನ ಮಗಳಿಂದ. ಬೆಳಗಾವಿಯಲ್ಲಿ ಪಿಎಚ್‌ಡಿ ಮಾಡ್ತಾಳೆ. ಖಾನಾಪುರದ ಕಾಡಂಚಿನ ಗೌಳಿವಾಡವೊಂದರಲ್ಲಿ ಎರಡು ವರ್ಷ ಓಡಾಡಿ ಎಮ್ಮೆ, ಮೇವು, ಅರಣ್ಯ ಇಲಾಖೆ ಇವುಗಳ ನಡುವಿನ ಬದುಕಿನ ಬಗ್ಗೆ ಲೇಖನ ಬರೆದಿದ್ದಾಳೆ. "ಅಣ್ಣಾ, ನೀ ಕಂಪ್ಯೂಟರ್ ಮಂದಿ, ಇದರ ಫಾರ್ಮ್ಯಾಟ್ ಒಂದ್ ಮಾಡಿಕೊಡು" ಅಂದಳು. ನಮ್ಮ ಕಡೆ ಬಿ.ಇ. ಮಾಡಿದವನು ಮಿಕ್ಸರ್‌ನಿಂದ ಹಿಡಿದು ಪ್ರಿಂಟರ್ ತನಕ ಎಲ್ಲ ರಿಪೇರಿ ಮಾಡಬೇಕು, ಅದು ಹಂಗಽ ಐತಿ. ನುಡಿಯಲ್ಲಿ ಟೈಪ್ ಮಾಡಿದ್ದ ಹಳೆಯ ಸಂದರ್ಶನಗಳನ್ನು ಯೂನಿಕೋಡ್‌ಗೆ ತಂದೆ, ಗ್ರಂಥಸೂಚಿಯನ್ನು ಜೋಟೆರೋದಲ್ಲಿ ಕೂರಿಸಿದೆ. ಅದು ಒಂದು ಭಾನುವಾರದ ಕೆಲಸ. ಉಳಿದದ್ದು ಸುಲಭಕ್ಕೆ ಬಗೆಹರಿಯಲಿಲ್ಲ.

ಮೊದಲು ಇಟಾಲಿಕ್ಸ್ ವಿಷಯ. ಇಂಗ್ಲಿಷ್ ಅಲ್ಲದ ಪ್ರತಿಯೊಂದು ಪದವನ್ನೂ ಪ್ರತಿ ಸಲವೂ ಓರೆ ಅಕ್ಷರದಲ್ಲಿ ಹಾಕಬೇಕು ಅನ್ನುತ್ತೆ ಈ ಸ್ಟೈಲ್ ಶೀಟು. ಅಮೆರಿಕದ ಮಾನವಶಾಸ್ತ್ರ ಸಂಘ 2015ರಲ್ಲಿ ತನ್ನ ಸ್ವಂತ ಶೈಲಿ ಬಿಟ್ಟು ಶಿಕಾಗೋ ಮ್ಯಾನ್ಯುಯಲ್ ಹಿಡಿಯಿತು. ಆ ಶಿಕಾಗೋ ಕೂಡ ಪದೇ ಪದೇ ಬರೋ ಪದ ಮೊದಲ ಸಲ ಓರೆಯಾದರೆ ಸಾಕು ಅನ್ನುತ್ತೆ. ಇವರು ಅದಕ್ಕಿಂತ ಬಿಗಿ. ಪರಿಣಾಮ ನೋಡಿ. ಗೌಳಿಗರ ಮನೆಮಾತು ಮರಾಠಿಯ ಒಂದು ಬಗೆ. ಒಲೆ ಮುಂದೆ ಅದು 'ತೂಪ್'. ಖಾನಾಪುರ ಪೇಟೆಯಲ್ಲಿ ಕನ್ನಡದ ಗಿರಾಕಿ ಎದುರು ಅದೇ 'ತುಪ್ಪ'. ಅರಣ್ಯ ಇಲಾಖೆಯ ನೋಟಿಸಿನಲ್ಲಿ ಬರೋದು 'ಅತಿಕ್ರಮಣ'. ಮನೆಯ ಮಾತು, ವ್ಯಾಪಾರದ ಮಾತು, ಹೆದರಿಸೋ ಮಾತು ಅಂತ ಮೂರು ಬೇರೆ ಲೋಕ. ಗೌಳಿ ಹೆಣ್ಣುಮಗಳು ಒಂದೇ ದಿನದಲ್ಲಿ ಈ ಮೂರನ್ನೂ ದಾಟಿ ಬರ್ತಾಳೆ ಅನ್ನೋದೇ ಲೇಖನದ ಮುಖ್ಯ ಮಾತು. ಓರೆ ಅಕ್ಷರದಲ್ಲಿ ಮೂರೂ ಒಂದೇ ಆಗಿಬಿಟ್ಟವು. ಕನ್ನಡವೋ ಮರಾಠಿಯೋ ಅಂತ ದಶಕಗಳಿಂದ ಬಸ್ಸಿಗೆ ಕಲ್ಲು ಬಿದ್ದಿರೋ ಜಿಲ್ಲೆ ಇದು! ಇಲ್ಲಿ ಆ ಎರಡನ್ನೂ 'ಇಂಗ್ಲಿಷ್ ಅಲ್ಲದ್ದು' ಅನ್ನೋ ಒಂದೇ ಗೋಣಿಚೀಲಕ್ಕೆ ತುಂಬಿದ್ದು ನೋಡಿ ನಗು ಬಂತು, ಆಮೇಲೆ ಬರಲಿಲ್ಲ.

ಲಿಪ್ಯಂತರದ ಕತೆ ಇನ್ನೊಂದು. ಸ್ಟೈಲ್ ಶೀಟು ಕೇಳೋದು ಸಂಸ್ಕೃತಕ್ಕಾಗಿ ಮಾಡಿದ ಪದ್ಧತಿ. ಸಂಸ್ಕೃತದಲ್ಲಿ ಹ್ರಸ್ವ ಎಕಾರ, ಹ್ರಸ್ವ ಒಕಾರ ಇಲ್ಲ. ಇರೋದೆಲ್ಲ ದೀರ್ಘವೇ ಆದ್ದರಿಂದ ಮೇಲೊಂದು ಗೀಟು ಎಳೆಯೋ ಅಗತ್ಯ ಅವರಿಗೆ ಬರಲಿಲ್ಲ. ನಮಗೆ ಬರುತ್ತೆ. ಗೀಟು ಇಲ್ಲದಿದ್ದರೆ ಎಮ್ಮೆ ನೀರು ಕುಡಿಯೋ ಕೆರೆಯೂ ದಂಡೆಯ ಮೇಲೆ ಹರಿಯೋ ಕೇರೆಯೂ ಒಂದೇ ಸ್ಪೆಲ್ಲಿಂಗು. 'ಕೊಡು' ಅಂದರೂ ಎಮ್ಮೆಯ 'ಕೋಡು' ಅಂದರೂ ಒಂದೇ. 2001ರಲ್ಲಿ ಬಂದ ಐಎಸ್‌ಒ 15919 ಇದನ್ನು ಸರಿಯಾಗಿ ಬಗೆಹರಿಸಿದೆ, ಹ್ರಸ್ವಕ್ಕೆ ಗೀಟಿಲ್ಲ, ದೀರ್ಘಕ್ಕೆ ಗೀಟು. ಎರಡು ದಶಕ ದಾಟಿದರೂ ಜರ್ನಲ್‌ಗೆ ಆ ಸುದ್ದಿ ಮುಟ್ಟಿಲ್ಲ. ನಮ್ಮ ಆಫೀಸಿನಲ್ಲಿ ಎರಡು ಬೇರೆ ಮೌಲ್ಯಗಳು ಒಂದೇ ಕೀಗೆ ಬಂದು ಬಿದ್ದರೆ ಅದನ್ನು ಬಗ್ ಅಂತೀವಿ, ರಾತ್ರೋರಾತ್ರಿ ಎಬ್ಬಿಸಿ ಸರಿಮಾಡಿಸ್ತಾರೆ.

ಹೆಸರಿನ ನಿಯಮದಲ್ಲಿ ಮಾತ್ರ ನಾವು ಉತ್ತರ ಕರ್ನಾಟಕದವರು ಗೆದ್ದಿದ್ದೇವೆ. ಅಡ್ಡಹೆಸರು ಮೊದಲು, ಆಮೇಲೆ ವರ್ಷ. ಪಾಟೀಲ, ದೇಸಾಯಿ, ಕುಲಕರ್ಣಿ ಎಲ್ಲರೂ ಸರಾಗವಾಗಿ ಕೂರ್ತಾರೆ. ಆದರೆ ಒಂದೇ ವರ್ಷದಲ್ಲಿ ಮೂರು ಮಂದಿ ಪಾಟೀಲರು ಬರೆದಿದ್ದರೆ ಯಾರು ಯಾವ ಪಾಟೀಲರು ಅಂತ ದೇವರೇ ಬಲ್ಲ. ಹಳೇ ಮೈಸೂರಿನವರ ಇನಿಷಿಯಲ್ ಕಷ್ಟ ಅವರೇ ಬರೀಲಿ.

ಪದಮಿತಿ ಇನ್ನೂ ಮೋಸ. ಎಂಟು ಸಾವಿರ ಪದ, ಟಿಪ್ಪಣಿ ಮತ್ತು ಗ್ರಂಥಸೂಚಿ ಸೇರಿ. ಗೌಳಿ ಮುದುಕನ ಮಾತನ್ನು ಮೂಲದಲ್ಲೂ ಹಾಕಿ ಅನುವಾದವನ್ನೂ ಕೊಟ್ಟರೆ ಅದು ಎರಡು ಸಲ ಲೆಕ್ಕಕ್ಕೆ ಬರುತ್ತೆ. ಇಂಗ್ಲಿಷ್ ಮಾತಾಡುವವರ ನಡುವೆ ಕೆಲಸ ಮಾಡಿದವರು ಒಂದು ಸಲ ಟೋಲ್ ಕಟ್ಟಿದರೆ ಇವಳು ಎರಡು ಸಲ ಕಟ್ಟಬೇಕು. ತಂಗಿ ಕೊನೆಗೆ ಕತ್ತರಿಸಿದ್ದು ಮೂಲವನ್ನೇ. ಎಲ್ಲರೂ ಅದನ್ನೇ ಮಾಡೋದು.

ಇಷ್ಟೆಲ್ಲ ಕಿರಿಕಿರಿ. ನಿಜವಾದ ಪೆಟ್ಟು ಹತ್ತೊಂಬತ್ತನೇ ಪುಟದಲ್ಲಿತ್ತು. ಸಂಶೋಧನೆ ನಡೆದ ಸಣ್ಣ ಸಮುದಾಯಗಳ ಊರಿಗೂ ಜನಕ್ಕೂ ಬದಲಿ ಹೆಸರು ಕೊಡತಕ್ಕದ್ದು.

ಈ ನಿಯಮಕ್ಕೆ ದೊಡ್ಡ ವಂಶವಿದೆ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಕೊಡಗಹಳ್ಳಿಯಲ್ಲಿ ಕೂತು ಮಾಡಿದ ಕೆಲಸ ಪುಸ್ತಕದಲ್ಲಿ 'ರಾಂಪುರ' ಆಯಿತು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು ಅವರ ಸಂಸ್ಕರಿಸಿದ ಟಿಪ್ಪಣಿಗಳು ಸುಟ್ಟುಹೋದವು, ನೆನಪನ್ನೇ ನೆಚ್ಚಿ ಬರೆದ ಪುಸ್ತಕ 1976ರಲ್ಲಿ ಬಂತು. ಇದನ್ನೆಲ್ಲ ಓದಿದವರಿಗೆ ಗೊತ್ತು. ಇನ್ನೊಂದು ದಾರಿಯೂ ಇತ್ತು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ 1955ರಲ್ಲಿ ಕಿತ್ತೂರಿನಲ್ಲಿ ಕೇಳಿಸಿಕೊಂಡ ಹಂಚಿಯ ಕತೆಯನ್ನು ಕಿತ್ತೂರಿನ ಕತೆ ಅಂತಲೇ ದಾಖಲಿಸಿದರು. ಅದು 1982ರಲ್ಲಿ ಅಲನ್ ಡಂಡೆಸ್ ಸಂಪಾದಿಸಿದ ಸಿಂಡ್ರೆಲಾ ಸಂಕಲನಕ್ಕೆ ಹೋದಾಗಲೂ ಊರು ಊರಾಗಿಯೇ ಉಳಿಯಿತು. ಕತೆ ಹೇಳಿದ್ದಕ್ಕೆ ಯಾರೂ ಒಕ್ಕಲೆಬ್ಬಿಸೋದಿಲ್ಲ, ಅದೂ ನಿಜ.

ಗೌಳಿವಾಡದ ವಿಷಯ ಬೇರೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಅಂತ ತೋರಿಸಬೇಕು. ಎಮ್ಮೆ ಹಿಂದೆ ಮೇವು ಹುಡುಕಿ ಅಲೆದವರ ಹತ್ತಿರ 75 ವರ್ಷದ ಕಾಗದ ಎಲ್ಲಿಂದ ಬರಬೇಕು? ಪಕ್ಕದಲ್ಲೇ 2011ರಲ್ಲಿ ಭೀಮಗಡ ವನ್ಯಜೀವಿಧಾಮ ಬೇರೆ ಆಗಿದೆ. ಕಾಯ್ದೆಯ ನಿಯಮ 13ರಲ್ಲಿ ಸಾಕ್ಷ್ಯಗಳ ಪಟ್ಟಿ ಇದೆ. ಗೆಜೆಟಿಯರ್ ನಡೆಯುತ್ತೆ. ಹಿರಿಯರ ಹೇಳಿಕೆ ಬರೆದುಕೊಂಡದ್ದು ನಡೆಯುತ್ತೆ. ಹೆಸರಾಂತ ಸಂಸ್ಥೆಗಳ ಸಂಶೋಧನಾ ಅಧ್ಯಯನವೂ ನಡೆಯುತ್ತೆ. ಒಂದೇ ಸಾಕ್ಷ್ಯ ಸಾಲದು, ಒಂದಕ್ಕಿಂತ ಹೆಚ್ಚು ಬೇಕು.

ಈಗ ಲೆಕ್ಕ ಹಾಕಿ. 1884ರ ಬೆಳಗಾವಿ ಗೆಜೆಟಿಯರ್ ಬ್ರಿಟಿಷರು ತೆರಿಗೆಗೂ ಆಡಳಿತಕ್ಕೂ ಬರೆಸಿಕೊಂಡದ್ದು, ಅದರಲ್ಲಿ ಊರಿಗೆ ಊರಿನ ಹೆಸರೇ ಇದೆ, ಸಾಕ್ಷಿ ಆಗುತ್ತೆ. ಎರಡು ವರ್ಷ ಅವರ ಮನೆಯಲ್ಲಿ ಮಜ್ಜಿಗೆ ಕುಡಿದು, ವಂಶಾವಳಿ ಬರೆದುಕೊಂಡು, ಹಳೇ ದೊಡ್ಡಿಗಳ ಜಾಗ ಒಂದೊಂದಾಗಿ ಗುರುತು ಹಾಕಿದ ಇದೇ ಜಿಲ್ಲೆಯ ಹುಡುಗಿಯ ಲೇಖನದಲ್ಲಿ ಊರಿಗೆ ಸುಳ್ಳು ಹೆಸರು. ಇಲ್ಲದ ಊರಿನ ಬಗ್ಗೆ ಇರೋ ಅಧ್ಯಯನ ಯಾವ ಗ್ರಾಮಸಭೆಗೆ ಸಾಕ್ಷಿ ಆಗಬೇಕು?

ಬದಲಿ ಹೆಸರಿನ ಹಿಂದಿರೋ ಕಾಳಜಿ ಪೊಳ್ಳಲ್ಲ, ಅದನ್ನೂ ಹೇಳಬೇಕು. ಯಾರು ಎಲ್ಲಿ ಎಮ್ಮೆ ಮೇಯಿಸಿದರು ಅಂತ ಹೆಸರು ಹಾಕಿ ಬರೆದರೆ ಅದೇ ಕಾಗದ ಅರಣ್ಯ ಕೇಸಿಗೂ ಒದಗುತ್ತೆ. ಆದರೆ ಆ ಅಪಾಯವನ್ನು ಅಳೆಯಬೇಕಾದವರು ಯಾರು? ತಂಗಿ ಊರವರನ್ನೇ ಕೇಳಿದ್ದಳು. ಅಲ್ಲಿನ ಅಜ್ಜ ಅಂದದ್ದು ಅವಳ ನೋಟ್‌ಬುಕ್ಕಿನಲ್ಲಿದೆ: "ನಮ್ಮ ಊರಿಗೆ ಹೆಸರ ಐತೆಲ್ಲವ್ವಾ, ಮತ್ತ್ಯಾಕ ಸುಳ್ಳ ಹೆಸರ ಇಡತಿ? ದಂಡ ಹಾಕಾವ್ರಿಗೆ ನಮ್ಮ ಹೆಸರ ಮೊದಲಽ ಗೊತ್ತೈತಿ." ಸುತ್ತಲಿನ ಹತ್ತು ಹಳ್ಳಿಗೂ ಫಾರೆಸ್ಟ್ ಗಾರ್ಡ್‌ಗೂ ಗೊತ್ತಿರೋ ಊರನ್ನು ಸ್ಟೈಲ್ ಶೀಟು ಬಚ್ಚಿಡೋದು ಯಾರಿಂದ? ಶಿಕಾಗೋದ ಓದುಗರಿಂದ. ಒಪ್ಪಿಗೆ ಪತ್ರಕ್ಕೆ ಅಜ್ಜನ ಹೆಬ್ಬೆಟ್ಟು ಬೇಕು ಅನ್ನೋ ಜರ್ನಲ್‌ಗೆ ಅಜ್ಜನ ಅಭಿಪ್ರಾಯ ಹಾಕಲು ಕಾಲಂ ಇಲ್ಲ. (ಲೇಖನ ಇನ್ನೂ ರಿವ್ಯೂನಲ್ಲಿ ಇರೋದರಿಂದ ನಾನೂ ಇಲ್ಲಿ ಆ ಊರಿನ ಹೆಸರು ಬರೆಯುವ ಹಾಗಿಲ್ಲ. ನೋಡಿ, ನಿಯಮದ ಕೈ ಎಷ್ಟು ಉದ್ದ!)

ಇಟಾಲಿಕ್ಸ್, ಲಿಪ್ಯಂತರ, ಊರ ಹೆಸರು ಈ ಮೂರಕ್ಕೂ ವಿನಾಯಿತಿ ಕೇಳಿ ಸಂಪಾದಕರಿಗೆ ಒಂದು ಪುಟ ಬರೆದೆವು. ಲಿಪ್ಯಂತರಕ್ಕೆ ಒಪ್ಪಿದರು. ಇಟಾಲಿಕ್ಸ್ ಮೊದಲ ಸಲ ಮಾತ್ರ ಸಾಕು ಅಂದರು. ಊರಿನ ಹೆಸರಿನ ಬಗ್ಗೆ ಸಮಿತಿಯನ್ನು ಕೇಳಬೇಕು ಅಂದವರು ಮೂರು ತಿಂಗಳಾದರೂ ಕೇಳ್ತಾನೇ ಇದ್ದಾರೆ.

ಅಷ್ಟರಲ್ಲಿ ತಂಗಿ ಅದೇ ವಿಷಯವನ್ನು ಕನ್ನಡದಲ್ಲಿ ಹದಿನಾಲ್ಕು ಪುಟದ ವರದಿ ಮಾಡಿದಳು. ಊರಿನ ನಿಜವಾದ ಹೆಸರು, ಒಪ್ಪಿದವರದ್ದೆಲ್ಲ ಹೆಸರು, ದೊಡ್ಡಿಗಳ ನಕಾಶೆ. ಖಾನಾಪುರ ಬಸ್‌ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಬಂದೆವು. ಸಮಿತಿಯ ಹಿರಿಯರು ಪೂರ್ತಿ ತಿರುವಿ ನೋಡಿ, ಕೊನೆ ಪುಟದ ಹಿಂದೆ ಮುಂದೆ ಮಾಡಿ ಕೇಳಿದರು: "ಎಲ್ಲಾ ಛಲೋ ಐತ್ರಿ ಬಾಯಾರ. ಸಂಸ್ಥೆದ್ದು ಸಿಕ್ಕಾ ಎಲ್ಲೈತಿ?"

ಸಿಕ್ಕಾಕ್ಕೆ ಅರ್ಜಿ ಹಾಕಿದ್ದಾಳೆ. ಅದಕ್ಕೂ ಒಂದು ಫಾರ್ಮ್ಯಾಟ್ ಇದೆಯಂತೆ, ಶನಿವಾರ ಕಳಿಸ್ತೀನಿ ಅಂದಿದ್ದಾಳೆ.