ಕರೆಯದೆ ಬರುವ ಡಿಸ್ಕುಗಳು

ಮೈಸೂರಿನ ಮನೆಯಲ್ಲಿ ಅಪ್ಪನಿಗೊಂದು ಡೆಸ್ಕ್‌ಟಾಪ್ ಇದೆ. ನಾನೇ ಜೋಡಿಸಿ ಕೊಟ್ಟದ್ದು. ಒಂದು ಡಿಸ್ಕಿನಲ್ಲಿ ಸಿಸ್ಟಮ್ಮು, ಫೋಟೊಗಳು, ಪಿಂಚಣಿ ಕಾಗದ. ಇನ್ನೊಂದರಲ್ಲಿ ಅದೆಲ್ಲದರ ಬ್ಯಾಕಪ್ಪು. ಭಾರೀ ಜಾಣತನದ ಕೆಲಸ ಮಾಡಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತಿದ್ದೆ.

ಎರಡು ತಿಂಗಳಾದ ಮೇಲೆ ಅಪ್ಪನ ಫೋನು. "ಲೋ, ನೀನು ಕೊಟ್ಟ ಕಂಪ್ಯೂಟರಲ್ಲಿ ಎಲ್ಲಾ ಫೋಟೊನೂ ಎರಡೆರಡು ಸಲ ಇತ್ತು ಕಣೋ. ಒಂದು ಸೆಟ್ ತೆಗೆದು ಜಾಗ ಮಾಡಿದೀನಿ" ಅಂದರು. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದರು. ಆಫೀಸಿನಲ್ಲಿ ಜೀವಮಾನವಿಡೀ ಫೈಲು ಜೋಡಿಸಿದ ಮನುಷ್ಯ, ಅರ್ಧಂಬರ್ಧ ಕೆಲಸ ಮಾಡುವವರೇ ಅಲ್ಲ. ಮುಂದಿನ ಸಲ ಹೋದಾಗ ಮತ್ತೆ ಬ್ಯಾಕಪ್ ತೆಗೆದರಾಯ್ತು ಅಂದುಕೊಂಡೆ. ನಾನು ಹೋಗುವ ಮೊದಲೇ ಮೊದಲನೇ ಡಿಸ್ಕು ಸತ್ತಿತು. ಅಜ್ಜಿ ತಾರಸಿ ಮೇಲೆ ಹಪ್ಪಳ ಒಣಗಿಸುತ್ತಾ ಹಾಡು ಹೇಳಿದ್ದ ನಾಲ್ಕು ನಿಮಿಷದ ವಿಡಿಯೊ ಅದರಲ್ಲಿತ್ತು. ಅಜ್ಜಿ ಈಗಿಲ್ಲ.

ತಪ್ಪು ಯಾರದು? ಅಪ್ಪನದಂತೂ ಅಲ್ಲ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಎರಡೂ ಡಿಸ್ಕುಗಳು ಒಂದೇ ಥರದ ಐಕಾನು ಹಾಕಿಕೊಂಡು ಅಕ್ಕಪಕ್ಕ ಕೂತಿದ್ದವು. ಒಂದು ನಡುಮನೆ, ಇನ್ನೊಂದು ಉಗ್ರಾಣ ಅಂತ ಅವರಿಗೆ ಹೇಳುವವರು ಯಾರು? ನಾನು ಹೇಳಿರಲಿಲ್ಲ, ಅದು ನನ್ನ ತಪ್ಪು. ಆದರೆ ಉಗ್ರಾಣದ ಬಾಗಿಲನ್ನು ದಿನಾ ಬೆಳಗ್ಗೆ ತಾನಾಗಿಯೇ ತೆರೆದಿಡುವ ಯಂತ್ರದ ಬಗ್ಗೆಯೂ ಒಂದೆರಡು ಮಾತು ಆಡಬೇಕು.

'ಮೌಂಟ್' ಅನ್ನುವ ಪದಕ್ಕೆ ಒಂದು ಕಾಲದಲ್ಲಿ ಮೈಕೈ ಇತ್ತು. ದೊಡ್ಡ ಕಂಪ್ಯೂಟರುಗಳ ಕಾಲದಲ್ಲಿ ಆಪರೇಟರ್ ಎದ್ದು ಹೋಗಿ, ಟೇಪಿನ ಸುರುಳಿಯನ್ನೋ ಡಿಸ್ಕಿನ ಕಟ್ಟನ್ನೋ ಕೈಯಾರೆ ಯಂತ್ರಕ್ಕೆ ಏರಿಸಬೇಕಿತ್ತು. ಬೇಕು ಅಂತ ಒಬ್ಬರು ಕೇಳಬೇಕು, ಒಬ್ಬರು ಏರಿಸಬೇಕು. ಯುನಿಕ್ಸಿನಲ್ಲಿ ಅದು ಒಂದು ಕಮಾಂಡ್ ಆಯಿತು. ಆಗಲೂ ಟೈಪ್ ಮಾಡುವ ಮನುಷ್ಯನೊಬ್ಬ ಇದ್ದ. ಆಮೇಲೆ ಪೆನ್‌ಡ್ರೈವುಗಳ ಕಾಲ ಬಂತು. ಚುಚ್ಚಿದ ತಕ್ಷಣ ತೆರೆದುಕೊಳ್ಳಲಿ ಅನ್ನುವುದು ನ್ಯಾಯವಾದ ಬೇಡಿಕೆಯೇ. ಪ್ರತಿ ಸಲ ಕಮಾಂಡ್ ಹೊಡೆ ಅಂದಿದ್ದರೆ ಅಪ್ಪ ಕಂಪ್ಯೂಟರಿಗೆ ಹೊದಿಕೆ ಹಾಕಿ ಅದರ ಮೇಲೆ ಪೇಪರ್ ಇಡುತ್ತಿದ್ದರು.

ನನ್ನ ತಕರಾರು ಇಷ್ಟೇ. ಚುಚ್ಚಿದ ಪೆನ್‌ಡ್ರೈವಿಗೆ ಸರಿಯಾದ ನಿಯಮವನ್ನು ಪೆಟ್ಟಿಗೆಯೊಳಗೆ ಖಾಯಂ ಕೂತಿರುವ ಪಾರ್ಟಿಷನ್ನಿಗೂ ಹಚ್ಚುವುದು ಸರಿಯಲ್ಲ. ಪೆನ್‌ಡ್ರೈವ್ ಚುಚ್ಚುವುದೇ ಒಂದು ಕೋರಿಕೆ. ಒಳಗಿನ ಪಾರ್ಟಿಷನ್ನನ್ನು ಯಾರೂ ಕೇಳಿರುವುದಿಲ್ಲ. ಆದರೂ ವಿಂಡೋಸ್ ತನಗೆ ಗುರುತು ಸಿಕ್ಕ ಪಾರ್ಟಿಷನ್ನಿಗೆಲ್ಲ ಸಾಮಾನ್ಯವಾಗಿ ಒಂದೊಂದು ಅಕ್ಷರ ಹಚ್ಚಿ ಸಾಲಾಗಿ ನಿಲ್ಲಿಸುತ್ತದೆ. ಲಿನಕ್ಸಿನ ಕೆಲವು ಡೆಸ್ಕ್‌ಟಾಪುಗಳು ತಾವಾಗಿಯೇ ಮೌಂಟ್ ಮಾಡುತ್ತವೆ. ಉಳಿದವು ಪಕ್ಕದ ಪಟ್ಟಿಯಲ್ಲಿ ಹೆಸರು ತೋರಿಸಿ, ಒಂದು ಕ್ಲಿಕ್ಕಿಗೆ ಕಾಯುತ್ತವೆ.

ಕೇಳದೆ ಬಾಗಿಲು ತೆರೆದರೆ ಏನಾಗುತ್ತದೆ ಅನ್ನುವುದಕ್ಕೆ ಚರಿತ್ರೆಯೂ ಇದೆ. ವಿಂಡೋಸ್ 95ರ ಜತೆ ಬಂದ ಆಟೋರನ್, ಸಿಡಿ ಹಾಕಿದ ಕೂಡಲೇ ಅದರೊಳಗಿನ ಪ್ರೋಗ್ರಾಮನ್ನು ಓಡಿಸುತ್ತಿತ್ತು. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ವರ್ಮ್ ಹರಡಿದ ದಾರಿಗಳಲ್ಲಿ ಪೆನ್‌ಡ್ರೈವಿನ ಆಟೋರನ್ನೂ ಒಂದು. ಕೊನೆಗೆ 2011ರಲ್ಲಿ ಮೈಕ್ರೋಸಾಫ್ಟ್, ಹಳೆಯ ಎಕ್ಸ್‌ಪಿ, ವಿಸ್ತಾಗಳಿಗೂ ಅಪ್‌ಡೇಟ್ ಕಳಿಸಿ ಯುಎಸ್‌ಬಿ ಡ್ರೈವುಗಳಿಗೆ ಅದನ್ನು ನಿಲ್ಲಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಒಂದೇ ಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್ ಇಟ್ಟುಕೊಂಡವರಿಗೆ ಇನ್ನೊಂದು ಗಂಡಾಂತರವಿದೆ. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಶಟ್‌ಡೌನ್ ಅಂದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಅದರ ಪಾರ್ಟಿಷನ್ನನ್ನು ಲಿನಕ್ಸಿನಿಂದ ಮೌಂಟ್ ಮಾಡಿ ಏನಾದರೂ ಬರೆದರೆ ಫೈಲುಗಳು ಕೆಡಬಹುದು. ಅದಕ್ಕೇ ಎನ್‌ಟಿಎಫ್‌ಎಸ್-3ಜಿ ಡ್ರೈವರ್ ಅಂಥ ಪಾರ್ಟಿಷನ್ನಿನಲ್ಲಿ ಬರೆಯಲು ಬಿಡುವುದಿಲ್ಲ. ಅಂದರೆ ಒಳಗೆ ಹೋಗುವ ಮುಂಚೆ ಬಾಗಿಲು ತಟ್ಟಬೇಕು ಅನ್ನುವ ಸಭ್ಯತೆ ಸಾಫ್ಟ್‌ವೇರಿಗೆ ಗೊತ್ತಿದೆ. ಎಲ್ಲ ಕಡೆ ತೋರಿಸುವುದಿಲ್ಲ, ಅಷ್ಟೇ.

ಹಾಗಾದರೆ ನಿಲ್ಲಿಸುವುದು ಹೇಗೆ? ವಿಂಡೋಸಿನಲ್ಲಿ ಸುಲಭ: ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಆ ಪಾರ್ಟಿಷನ್ನಿನ ಅಕ್ಷರ ತೆಗೆದರೆ ಅದು ಕಣ್ಣಿಗೆ ಬೀಳುವುದಿಲ್ಲ, ಒಳಗಿನ ಫೈಲುಗಳಿಗೆ ಏನೂ ಆಗುವುದಿಲ್ಲ. ಆದರೆ ಅದೇ ಮೆನುವಿನಲ್ಲಿ, ಒಂದೆರಡು ಸಾಲು ಕೆಳಗೆ, 'ಫಾರ್ಮ್ಯಾಟ್' ಕೂತಿದೆ. ಬೀಗದ ಕೈ ಮತ್ತು ಬೆಂಕಿಪೊಟ್ಟಣವನ್ನು ಒಂದೇ ಡಬ್ಬಿಯಲ್ಲಿಟ್ಟವರ ಧೈರ್ಯ ಮೆಚ್ಚಬೇಕು.

ಲಿನಕ್ಸಿನಲ್ಲಿ ಗ್ನೋಮ್ ಡೆಸ್ಕ್‌ಟಾಪಿನ ಆಟೋಮೌಂಟ್ ಸೆಟ್ಟಿಂಗ್ ಆಫ್ ಮಾಡಿದರೆ ಪೆನ್‌ಡ್ರೈವುಗಳೂ ಸುಮ್ಮನಾಗುತ್ತವೆ. ಒಂದೇ ಪಾರ್ಟಿಷನ್ನನ್ನು ತಡೆಯಬೇಕೆಂದರೆ ಅದರ ಯುಯುಐಡಿ ಹುಡುಕಬೇಕು. ಲಿನಕ್ಸಿನದೇ ಪಾರ್ಟಿಷನ್ ಆದರೆ ಗೆರೆಗಳೂ ಸೇರಿ 36 ಅಕ್ಷರ. ಅದನ್ನು ಎಫ್‌ಸ್ಟ್ಯಾಬ್ ಅನ್ನುವ ಫೈಲಿನಲ್ಲಿ ಬರೆದು, ಮುಂದೆ 'ನೋಆಟೋ' ಅನ್ನಬೇಕು. ಇಷ್ಟಾದರೂ ಬೂಟ್ ಆಗುವಾಗ ಮೌಂಟ್ ಆಗುವುದಿಲ್ಲ ಅಷ್ಟೇ. ಐಕಾನು ಅಲ್ಲೇ ಇರಬಹುದು. ಅದನ್ನೂ ಅಡಗಿಸಲು 'ಎಕ್ಸ್-ಜಿವಿಎಫ್‌ಎಸ್-ಹೈಡ್' ಸೇರಿಸಬೇಕು. ಇಲ್ಲವೇ ಯುಡೆವ್ ನಿಯಮವೊಂದನ್ನು ಬರೆದು, ಈ ಡಿಸ್ಕನ್ನು ಕಡೆಗಣಿಸು ಅಂತ ಯುಡಿಸ್ಕ್ಸ್‌ಗೆ ಹೇಳಬೇಕು. 'ನೋಆಟೋ' ಮರೆತು ಯುಯುಐಡಿಯಲ್ಲೂ ಒಂದಕ್ಷರ ತಪ್ಪಿದಿರೋ, ಇವತ್ತಿನ ಬಹುತೇಕ ಲಿನಕ್ಸುಗಳು ಇಲ್ಲದ ಡಿಸ್ಕಿಗಾಗಿ ಒಂದೂವರೆ ನಿಮಿಷ ಕಾದು, ಎಮರ್ಜೆನ್ಸಿ ಮೋಡಿನ ಕಪ್ಪು ಪರದೆಗೆ ಕರೆದೊಯ್ಯುತ್ತವೆ.

ನನಗೆ ಸಿಟ್ಟು ಬರುವುದು ಇಲ್ಲೇ. ಬಾಗಿಲು ತೆರೆಯುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಮುಚ್ಚುವುದಕ್ಕೆ ಮಾತ್ರ ಪಂಡಿತರಾಗಿರಬೇಕು. "ಈ ಡಿಸ್ಕನ್ನು ಮುಂದೆ ತೋರಿಸಬೇಡ" ಅನ್ನುವ ಒಂದು ಆಯ್ಕೆಯನ್ನು ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಕೊಡುವುದು ಅಷ್ಟು ಕಷ್ಟವೇ? ಅದನ್ನು ನಾವು ಸೌಲಭ್ಯ ಅಂತ ಎಣಿಸುವುದಿಲ್ಲ. ನಮ್ಮ ಲೆಕ್ಕದಲ್ಲಿ ಸೌಲಭ್ಯ ಅಂದರೆ ಇನ್ನೂ ಒಂದನ್ನು ತೋರಿಸುವುದು. ಈ 'ನಾವು' ಅನ್ನುವುದರಲ್ಲಿ ನಾನೂ ಇದ್ದೇನೆ. ಹೊಟ್ಟೆಪಾಡಿಗೆ ನಾನೂ ಸ್ಕ್ರೀನುಗಳನ್ನೇ ಕಟ್ಟುವವನು. ಡೀಫಾಲ್ಟ್ ಏನಿರಬೇಕು ಅನ್ನುವ ಮೀಟಿಂಗಿನಲ್ಲಿ, ಫೋಟೊ ಎರಡೆರಡಿದೆ ಅಂತ ಒಂದು ಸೆಟ್ ಅಳಿಸುವ ಹಿರಿಯರೊಬ್ಬರನ್ನು ನಾನು ಒಮ್ಮೆಯೂ ನೆನೆಸಿಕೊಂಡವನಲ್ಲ.

ಇನ್ನೊಂದು ಮಾತು. ಅಡಗಿಸಿಟ್ಟ ಪಾರ್ಟಿಷನ್ ಕೈತಪ್ಪಿನಿಂದ ಉಳಿಸಬಹುದು, ಕಳ್ಳರಿಂದಲೋ ಸುಟ್ಟ ಪವರ್ ಸಪ್ಲೈಯಿಂದಲೋ ಉಳಿಸುವುದಿಲ್ಲ. ಒಂದು ಪ್ರತಿ ವೈರು ಕಿತ್ತು ಬೀರುವಿನಲ್ಲೇ ಇರಬೇಕು.

ಹೋದ ತಿಂಗಳು ಹೊಸ ಡಿಸ್ಕ್ ಹಾಕಿ, ಬ್ಯಾಕಪ್ ಪಾರ್ಟಿಷನ್ನಿಗೆ 'ನೋಆಟೋ' ಬರೆದು ಐಕಾನನ್ನೂ ಅಡಗಿಸಿ ಬಂದೆ. ರಾತ್ರಿ ಒಂದು ಸಣ್ಣ ಸ್ಕ್ರಿಪ್ಟು ಅದನ್ನು ಮೌಂಟ್ ಮಾಡಿ, ಫೈಲುಗಳನ್ನು ನಕಲಿಸಿ, ಮತ್ತೆ ಬಾಗಿಲು ಹಾಕಿಕೊಳ್ಳುತ್ತದೆ. ಮರುದಿನ ಅಪ್ಪ ಫೋನ್ ಮಾಡಿದರು.

"ಇನ್ನೊಂದು ಡಿಸ್ಕ್ ಇತ್ತಲ್ಲೋ, ಎಲ್ಲಿ ಹೋಯ್ತು?"

"ಒಳಗೇ ಇದೆ ಅಪ್ಪ, ಕಾಣಿಸಲ್ಲ ಅಷ್ಟೇ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಹಾಗೆ ಮಾಡಬಾರದಿತ್ತೇನೋ?" ಅಂದರು.